ಬೂಟಿನೊಳಗಿನ ಕೈ

ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದು, ದೇವರನ್ನು ನೆನೆದು ಕೂತ ಮೇಲೆ ಬೂಟಕ್ಕ ಮೊದಲು ಮಾಡುವ ಕೆಲಸ ಒಂದೇ. ರಿಪೇರಿಗೆ ಬಂದ ಪ್ರತಿ ಬೂಟನ್ನೂ ಬೋರಲು ಹಾಕಿ ಕೊಡವಿ, ಎಡಗೈಯನ್ನು ಒಳಗೆ ತೂರಿಸಿ, ಬಲಗೈಯಿಂದ ಬಗ್ಗಿಸಿ ನೋಡುವುದು. ಬೆರಳು ಮಡಚುವ ಜಾಗದಲ್ಲಿ ಚರ್ಮ ಬಿರಿದಿದ್ದರೆ ಒಳಗಿನ ಕೈಗೆ ಗೊತ್ತಾಗುತ್ತದೆ. ಅದಾಗುವ ತನಕ ಆಕೆ ಬ್ರಷ್ಷು ಮುಟ್ಟುವುದಿಲ್ಲ.

ಎದುರಿಗೇ ಎರಕದ ಕಾರ್ಖಾನೆ. ಹನ್ನೊಂದು ವರ್ಷದ ಹಿಂದೆ ಅಲ್ಲಿ ಕರಗಿದ ಕಬ್ಬಿಣ ಸುರಿಯುತ್ತಿದ್ದ ಅವಳ ತಮ್ಮನ ಎಡಗಾಲಿನ ಮೂರು ಬೆರಳು ಸುಟ್ಟುಹೋದವು. ಹಿಂದಿನ ಸಂಜೆ ಅವನ ಬೂಟಿಗೆ ಪಾಲಿಶ್ ಹಾಕಿದ್ದು ಇವಳೇ. ಕಬ್ಬಿಣ ಒಳನುಗ್ಗಿದ ಬಿರುಕು ತನ್ನ ಕರೀ ಮೇಣದ ಕೆಳಗೆ ಮುಚ್ಚಿಹೋಗಿತ್ತೆಂದು ಆಮೇಲೆ ಹೊಳೆಯಿತು. ಯಾರಿಗೂ ಹೇಳಲಿಲ್ಲ. ತಮ್ಮನ ಮುಂದಂತೂ ಬಾಯಿ ಬಿಡಲಿಲ್ಲ. ಅವನೀಗ ಅದೇ ಕಾರ್ಖಾನೆಯ ಗೇಟು ಕಾಯುತ್ತಾನೆ.

ಒಂದು ದಿನ ನೀಟಾಗಿ ತಲೆ ಬಾಚಿದ ಗಿರಾಕಿಯೊಬ್ಬ ಡಬ್ಬಿಯಿಂದ ಆಗಷ್ಟೇ ತೆಗೆದ ಬೂಟು ತಂದಿಟ್ಟ.

"ಸ್ವಲ್ಪ ಹಳೇದು ಮಾಡಿಕೊಡಿ ಅಕ್ಕ."

"ಅದಕ್ಕೆ ನಾನ್ಯಾಕಪ್ಪ? ಹಾಕ್ಕೊಂಡು ಓಡಾಡಿ, ತಾನೇ ಆಗುತ್ತೆ."

"ಅಷ್ಟು ದಿನ ಯಾರು ಕಾಯ್ತಾರೆ? ಹೊಳೆಯೋ ಬೂಟನ್ನ ಈಗ ಮದುಮಗ ಬಿಟ್ರೆ ಯಾರೂ ಹಾಕಲ್ಲ. ಮೂಲೆ ಬಟ್ಟೆ ಅಂಗಡಿ ಗಾಜಲ್ಲಿ ಒಂದು ಜೊತೆ ಇಟ್ಟಿದ್ದಾರೆ ನೋಡಿ. ಥೇಟ್ ಹಾಗೇ ಬೇಕು."

ಮಧ್ಯಾಹ್ನ ಬಾಗಿಲು ಎಳೆದುಕೊಂಡು ಅವಳು ನೋಡಲು ಹೋದಳು. ಗಾಜಿನ ಹಿಂದೆ, ಎತ್ತರದ ಪೀಠದ ಮೇಲೆ, ದೀಪದ ಬೆಳಕಿನಲ್ಲಿ ಒಂದು ಜೊತೆ ಬೂಟು. ಎಡದ್ದರ ಬೆರಳಿನ ಭಾಗದಲ್ಲಿ ಸುಟ್ಟ ತೂತು. ಹಿಮ್ಮಡಿಯ ಹೊಲಿಗೆಯಲ್ಲಿ ನಾಲ್ಕು ಬೆರಳಗಲ ಕೆಂಪು ದಾರ. ಕಪ್ಪು ದಾರ ಮುಗಿದ ದಿನ ತಾನೇ ಹಾಕಿದ್ದು. ಎಂದೋ ಬೂದಿಯಾಯಿತು ಅಂದುಕೊಂಡಿದ್ದ ತಮ್ಮನ ಬೂಟು ಹೂವಿನ ಕುಂಡದ ಪಕ್ಕ ಶೃಂಗಾರವಾಗಿ ಕೂತಿತ್ತು.

"ಕೈಲಿ ಹಿಡಿದು ನೋಡಲಾ?" ಎಂದು ಒಳಗೆ ಹೋಗಿ ಕೇಳಿದಳು.

"ನೋಡಿ, ನೋಡಿ," ಎಂದಳು ಅಂಗಡಿಯಾಕೆ. "ಗುಜರಿ ಮೂಟೇಲಿ ಸಿಕ್ಕಿದ್ದು. ಆ ತೂತಿಗೇ ಜನ ಪ್ರಾಣ ಬಿಡ್ತಾರೆ."

ಬೂಟಕ್ಕ ಅಭ್ಯಾಸದಂತೆ ಎಡಗೈ ಒಳಗೆ ತೂರಿಸಿದಳು. ತೂತಿನ ಅಂಚಿನಿಂದ ಪಕ್ಕಕ್ಕೆ ಒಂದು ಬಿರುಕು ಹರಿದಿತ್ತು. ಹೊರಗೆ, ಆ ಬಿರುಕಿನ ಮೇಲೆ ಅವಳ ಕರೀ ಮೇಣ ಇನ್ನೂ ಗಟ್ಟಿಯಾಗಿ ಅಂಟಿಕೊಂಡಿತ್ತು.

"ಸಿಕ್ತಾ ಅಕ್ಕ, ಬಿರುಕು?"

ಅವಳು ಬೆಚ್ಚಿ ತಿರುಗಿದಳು. ಅವಳು ಹೊರಟದ್ದನ್ನು ಗೇಟಿನಿಂದ ಕಂಡು ಹಿಂದೆಯೇ ಬಂದ ತಮ್ಮ, ಬಾಗಿಲಲ್ಲಿ ಊರುಗೋಲು ಹಿಡಿದು ನಿಂತಿದ್ದ.

"ಬಿರುಕು ಇದ್ದದ್ದು ನಿನಗೆ ಗೊತ್ತಿತ್ತಾ?"

"ಹಿಂದಿನ ದಿನವೇ ನೋಡಿದ್ದೆ. ಮಾರನೇ ದಿನ ಬೂಟು ತಪಾಸಣೆ. ಸೀಳಿರೋದು ಕಂಡ್ರೆ ಮೇಸ್ತ್ರಿ ಮನೆಗೆ ಕಳಿಸ್ತಿದ್ದ. ಅದಕ್ಕೇ ಅಲ್ವಾ, ಚೆನ್ನಾಗಿ ಹೊಳೆಯೋ ಹಾಗೆ ಹಾಕಕ್ಕ ಅಂತ ನಿನ್ನ ಗೋಗರೆದಿದ್ದು?"

ಗೋಗರೆದದ್ದು ಅವಳಿಗೆ ನೆನಪಾಯಿತು. ತಮ್ಮನಿಗೆ ಶೋಕಿ ಜಾಸ್ತಿ ಎಂದು ಅಂದು ನಕ್ಕಿದ್ದೂ ನೆನಪಾಯಿತು.

"ಹನ್ನೊಂದು ವರ್ಷ," ಎಂದಳು. "ದೇವರ ಮುಂದೆ ನಿಂತಾಗಲೆಲ್ಲ ನಾನು ಕೇಳಿದ್ದು ಒಂದೇ ಕ್ಷಮೆ. ನೀನು ದಿನಾ ಎದುರು ಕೂತು ನನ್ನ ಕೈಯಿಂದ ಟೀ ಕುಡಿದೆ."

"ಗೊತ್ತಿದ್ದೂ ಹಾಕ್ಕೊಂಡೆ ಅಂತ ಹೇಳಿದ್ರೆ ಗೇಟಿನ ಕೆಲಸ ಹೋಗ್ತಿತ್ತು. ಆಮೇಲೆ... ಹೇಳಕ್ಕೆ ಮುಖ ಇರಲಿಲ್ಲ."

ಅಂಗಡಿಯಾಕೆ ಏನೂ ತೋಚದೆ ದೀಪ ಆರಿಸಿದಳು. ಬೂಟಕ್ಕ ಬೂಟನ್ನು ಪೀಠದ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬೀದಿಗಿಳಿದಳು. ತಮ್ಮ ಕುಂಟುತ್ತಾ ಹಿಂದೆಯೇ ಬಂದ. ಅವಳ ಅಂಗಡಿಯೊಳಗೆ ಗಿರಾಕಿಯ ಹೊಸ ಬೂಟುಗಳ ಪಕ್ಕದಲ್ಲಿ ಕಾರ್ಖಾನೆಯ ಆರು ಜೊತೆ ಕಾಯುತ್ತಿದ್ದವು.

"ನಿನಗೆ ಕಣ್ಣೂ ಮಂದ ಆಗ್ತಿದೆ," ಎಂದ ಅವನು ಮೆಲ್ಲಗೆ. "ನಾಳೆಯಿಂದ ಗೇಟಿಗೆ ಹೋಗೋ ಮುಂಚೆ ನಾನೇ ಬಂದು ಎಲ್ಲಾ ಬೂಟಿಗೂ ಕೈ ಹಾಕಿ ನೋಡ್ತೀನಿ. ಅಷ್ಟಾದ್ರೂ ಮಾಡ್ತೀನಿ ಅಕ್ಕ."

ಅವಳು ಕೂತು ಒಂದು ಬೂಟನ್ನು ಮಡಿಲಿಗೆ ಎಳೆದುಕೊಂಡಳು.

"ಬೇಡ ಕಣೋ. ನೀನು ಬಿರುಕು ನೋಡಿಯೂ ಹಾಕ್ಕೊಂಡೋನು. ಬೇರೆಯವರ ಬೂಟು ನಿನ್ನ ಕೈಗೆ ಕೊಡಲ್ಲ."