ಜರೀನಾಳ ಹೆಸರಿನಲ್ಲಿ ಊದಿದವಳು

ಕೋವಿಡ್ ಗದ್ದಲ ತಣ್ಣಗಾದ ಮರುವರ್ಷ ನಾನು ರಾಮನಗರದಲ್ಲಿದ್ದೆ. ಸಮುದಾಯ ಆರೋಗ್ಯ ಸಂಶೋಧನೆಯ ಒಂದು ಸಣ್ಣ ಸಂಸ್ಥೆಯಲ್ಲಿ ಕ್ಷೇತ್ರ ವೈದ್ಯೆ. ಜೊತೆಗೆ ಒಬ್ಬಳೇ ಸಹಾಯಕಿ, ಮಾಗಡಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಸುಜಾತ. ಕೆಲಸ ಶುರುವಾದದ್ದು ಕಡು ಬೇಸಿಗೆಯಲ್ಲಿ ಎಂದು ನನ್ನ ನೆನಪು. ಆದರೆ ಮೊದಲ ದಿನದ ಫೋಟೋದಲ್ಲಿ ನನ್ನ ಕೈಯಲ್ಲಿ ಒದ್ದೆ ಕೊಡೆಯಿದೆ. ಆದ್ದರಿಂದ ಈ ಬರಹದಲ್ಲಿ ನನ್ನ ನೆನಪಿಗಿಂತ ಅಂದಿನ ಅಳತೆಗಳ ರಿಜಿಸ್ಟರನ್ನೇ ಹೆಚ್ಚು ನಂಬಿದ್ದೇನೆ.

ಹಣ ಬೆಂಗಳೂರಿನ ಒಂದು ಕಂಪನಿಯದು. ದೊಡ್ಡ ಕಂಪನಿಗಳು ಲಾಭದ ಒಂದು ಪಾಲನ್ನು ಸಮಾಜದ ಕೆಲಸಕ್ಕೆ ಕೊಡಬೇಕೆಂಬ ಕಾನೂನಿದೆಯಲ್ಲ, ಸಿಎಸ್‌ಆರ್ ಎನ್ನುತ್ತಾರೆ, ಅದೇ. ರೇಷ್ಮೆ ಬಿಚ್ಚುವ ಶೆಡ್‌ಗಳಲ್ಲಿ ಗೂಡು ಬೇಯಿಸುವ ಹಬೆ, ಹುಳುವಿನ ವಾಸನೆ, ಸೌದೆಯ ಹೊಗೆ ಎಲ್ಲ ಒಟ್ಟಿಗೆ ನಿಂತಿರುತ್ತವೆ. ಕಂಪನಿ ಒಂಬತ್ತು ಶೆಡ್‌ಗಳಿಗೆ ಗಾಳಿ ಹೊರಗೆಳೆಯುವ ಫ್ಯಾನ್ ಹಾಕಿಸಿತು. ಫ್ಯಾನಿಗೆ ಮೊದಲು ಒಮ್ಮೆ, ಆರು ತಿಂಗಳ ನಂತರ ಇನ್ನೊಮ್ಮೆ ಕೆಲಸಗಾರರ ಉಸಿರಿನ ಶಕ್ತಿ ಅಳೆಯುವುದು ನನ್ನ ಕೆಲಸ. ಅಳೆಯುವ ಯಂತ್ರ ಸ್ಪೈರೋಮೀಟರ್. ಕೊಳವೆಗೆ ಬಾಯಿಟ್ಟು ಎದೆ ಬರಿದಾಗುವಂತೆ ಊದಬೇಕು. ಜೊತೆಗೆ ಪ್ರತಿ ಗುರುವಾರ ಒಂದು ಉಸಿರಾಟದ ಕ್ಲಿನಿಕ್. ಎರಡನೇ ಅಳತೆಯಲ್ಲಿ ಎಲ್ಲರೂ ಸುಧಾರಿಸಿದ್ದರೆ ಕ್ಲಿನಿಕ್ ಮುಚ್ಚುವುದು ಎಂದು ಒಪ್ಪಂದದಲ್ಲಿತ್ತು. ನಾನೇ ಸಹಿ ಹಾಕಿದ್ದೆ.

ಹದಿನೈದು ವರ್ಷದಿಂದ ಕುದಿನೀರಿನ ಬೇಸಿನ್ ಮುಂದೆ ಕೂತು ಎಳೆ ತೆಗೆಯುತ್ತಿದ್ದ ಜರೀನಾಗೆ ಆ ಗುರುವಾರವೇ ಆಸರೆ. ಮೊದಲ ಸುತ್ತಿನಲ್ಲಿ ಅವಳು ಊದಿದಾಗ ಪರದೆಯ ಗೆರೆ ಒಂದಿಷ್ಟು ಎದ್ದು ಮಲಗಿಬಿಟ್ಟಿತ್ತು. ಕ್ಲಿನಿಕ್ ಕೊಡುವ ಇನ್‌ಹೇಲರ್ ಇಲ್ಲದಿದ್ದರೆ ಬೇಸಿನ್ ಮುಂದೆ ಅರ್ಧ ದಿನವೂ ಕೂರಲಾರಳು.

ಎರಡನೇ ಸುತ್ತಿನಲ್ಲಿ ಅವಳ ಹೆಸರಿನ ಮುಂದೆ ಆರೋಗ್ಯವಂತರ ಅಳತೆ ಬಂತು. ಮೊದಲ ಸಲ ಕೆಳಗಿದ್ದ ಇನ್ನೂ ನಾಲ್ವರದು ಹಾಗೇ. ಈ ಲೆಕ್ಕದಲ್ಲಿ ಕ್ಲಿನಿಕ್ ಮುಚ್ಚಬೇಕು. ಕಂಪನಿಯ ಅಧಿಕಾರಿ ಪ್ರಶಾಂತ್ ಫೋನಿನಲ್ಲೇ ಹಿಗ್ಗಿದರು: "ಮೇಡಂ, ಫ್ಯಾನ್ ಮುಂದೆ ಫೋಟೋ ತೆಗೆಸಿ ಆಯ್ತು. ಶುಕ್ರವಾರ ಬೋರ್ಡ್ ಮೀಟಿಂಗ್. ವರದಿ ಕಳಿಸಿಬಿಡಿ."

ಇಲ್ಲಿಂದ ಮುಂದಿನದನ್ನು ನಾನೇ ಪತ್ತೆ ಹಚ್ಚಿದೆ ಎಂದು ಹಲವು ಸಭೆಗಳಲ್ಲಿ ಹೇಳಿದ್ದೇನೆ. ಇದನ್ನು ಬರೆಯಲೆಂದು ರಿಜಿಸ್ಟರ್ ತೆರೆದರೆ, ಜರೀನಾಳ ಎತ್ತರದ ಸುತ್ತ ಪೆನ್ಸಿಲಿನ ಸುತ್ತುಗೆರೆ. ಗುರುತು ಸುಜಾತಳದು. ಊದುವ ಮುಂಚೆ ಪ್ರತಿಯೊಬ್ಬರ ಎತ್ತರ ಬರೆಯುವುದು ನಿಯಮ. ಎರಡೂ ಸಲ ಬರೆದಿದ್ದೆವು. ಹೋಲಿಸಿ ನೋಡಿ ಅಂದು ನನ್ನ ಬಳಿಗೆ ಬಂದದ್ದು ಅವಳೊಬ್ಬಳೇ.

"ಮೇಡಂ, ಈವಮ್ಮ ಆರ್ ತಿಂಗ್ಳಲ್ಲಿ ನಾಲ್ಕ್ ಬೆರಳು ಉದ್ದ ಆಗ್ಬುಟ್ಟವ್ರೆ. ಇದೂ ಫ್ಯಾನಿಂದಾನೇ ಬರ್ಕೊಳ್ಳಾನಾ?"

ನಾನು ನಗಲಿಲ್ಲ. ವರದಿ ಮೇಜಿನ ಮೇಲಿತ್ತು. ಅವಳ ಮೇಲೆ ರೇಗಿದೆನೋ ಏನೋ. ಕೇಳಿದರೆ ಸುಜಾತ ಇವತ್ತಿಗೂ "ಒಸಿ ರೇಗಿದ್ರಿ" ಎನ್ನುತ್ತಾಳೆ.

ಜರೀನಾಳ ಮನೆಗೆ ಹೋದೆವು. ಬಾಗಿಲ ಮೆಟ್ಟಿಲ ಮೇಲೆ ಎರಡೂ ಕೈ ಮಂಡಿಗೂರಿ ಕೂತಿದ್ದಳು. ಪಕ್ಕದಲ್ಲಿ ನಾದಿನಿ ಶಬಾನಾ, ಉದ್ದನೆಯ ಹುಡುಗಿ. ಎರಡನೇ ಟೆಸ್ಟಿನ ದಿನ ನೀನೇ ಯಾಕೆ ಬರಲಿಲ್ಲ ಎಂದು ಜರೀನಾಳನ್ನು ಕೇಳಿದೆ.

"ಬರ್ದೇ ಏನು ಡಾಕ್ಟ್ರಮ್ಮ? ಇವಳನ್ನ ಕಳಿಸಿದ್ನಲ್ಲ," ಎಂದಳು ಜರೀನಾ, ಪ್ರತಿ ಮಾತಿಗೂ ನಿಂತು. "ನಮಗೆ ಆಗ್ದೇ ಇದ್ದ ದಿನ ಬೇಸಿನ್ ಖಾಲಿ ಬಿಡಕ್ಕಾಗ್ತದಾ? ಮನೆಯಿಂದ ಒಬ್ರನ್ನ ಬದಲಿ ಕಳಿಸ್ಬೇಕು. ಅವತ್ತು ನಂಗೆ ಊದಕ್ಕೆ ದಮ್ಮೇ ಇರ್ಲಿಲ್ಲ."

"ನಾನು ಚೆನ್ನಾಗಿ ಊದ್ದೆ ಅಂತ ನೀವೇ ಶಭಾಷ್ ಅಂದ್ರಲ್ಲ ಮೇಡಂ," ಎಂದಳು ಶಬಾನಾ.

ಅಂದಿದ್ದೆ, ಪರದೆಯ ಗೆರೆ ನೋಡಿ. ಆ ಗದ್ದಲದಲ್ಲಿ ಮುಖ ನೋಡಿರಲಿಲ್ಲ. ಯಾರೂ ಸುಳ್ಳು ಹೇಳಿರಲಿಲ್ಲ. ಶೆಡ್ಡಿನಲ್ಲಿ ಬದಲಿಗೆ ಬಂದವರು ಬೇಸಿನ್ ಯಾರದೋ ಅವರ ಹೆಸರಿಗೇ ಕೂರುತ್ತಾರೆ. ನಾವು ಪಟ್ಟಿ ಹಿಡಿದು ಹೆಸರು ಕೂಗಿದೆವು, ಆ ಹೆಸರಿಗೆ ಬಂದವರು ಕೂತು ಊದಿದರು. ಉಳಿದ ನಾಲ್ವರ ಮನೆಯಲ್ಲೂ ಇದೇ ಉತ್ತರ. ಕಾಯಿಲೆ ಹೆಚ್ಚಾದವರೆಲ್ಲ ಗಟ್ಟಿಮುಟ್ಟಾದವರನ್ನು ಕಳಿಸಿದ್ದರು, ನಮ್ಮ ಅಳತೆ ಏರಿತ್ತು.

ವರದಿ ಕಳಿಸಲಿಲ್ಲ. ಗುರುವಾರ ಪ್ರಶಾಂತರನ್ನೇ ಕರೆಸಿ ಆ ಮೆಟ್ಟಿಲ ಬಳಿ ನಿಲ್ಲಿಸಿದೆ. ಜರೀನಾ ಊದಿದಳು. ಗೆರೆ ಮೊದಲ ಸಲದಷ್ಟೂ ಏಳಲಿಲ್ಲ. ಅವಳ ಕೆಮ್ಮು ನಿಲ್ಲುವ ತನಕ ಅವರು ತಮ್ಮ ಬೂಟು ನೋಡುತ್ತಿದ್ದರು.

"ಇದನ್ನ ಬೋರ್ಡಿಗೆ ಹೇಗೆ ಹೇಳೋದು ಮೇಡಂ?"

ಸುಜಾತ ಥಟ್ಟನೆ ಅಂದಳು: "ನೀವು ಹೋಗ್ಬೇಡಿ ಸಾ. ನಿಮ್ ಬದ್ಲಿಗೆ ಈವಮ್ಮನ್ನೇ ಕಳ್ಸಿ."

ಅವರು ಬೋರ್ಡಿಗೆ ಏನು ಹೇಳಿದರೋ ತಿಳಿಯದು. ಕ್ಲಿನಿಕ್ಕಿಗೆ ಇನ್ನೊಂದು ವರ್ಷ ಸಿಕ್ಕಿತು. ನನ್ನ ಪ್ರಾಮಾಣಿಕತೆಗೆ ಸಿಕ್ಕ ಫಲ ಎಂದು ಕಥೆ ಮುಗಿಸುವ ಆಸೆ ನನಗೂ ಆಗಿದೆ. ಆ ಮೆಟ್ಟಿಲಿನ ಕೆಮ್ಮು ಕೆಲಸ ಮಾಡಿರಬಹುದು. ಮಂಜೂರಾದ ಹಣ ವಾಪಸ್ ಹೋಗಬಾರದೆಂಬ ಕಾರಣವೂ ಇರಬಹುದು.

ಹೊಸ ವರ್ಷದ ಮೊದಲ ಗುರುವಾರ ಕ್ಲಿನಿಕ್ಕಿನಲ್ಲಿ ಜರೀನಾ ಎಂದು ಕೂಗಿದೆ. ಎದ್ದು ಬಂದವಳು ಶಬಾನಾ.

"ಭಾಬಿಗೆ ಇಲ್ಲಿ ತನಕ ನಡೆಯಕ್ಕಾಗಲ್ಲ ಮೇಡಂ. ಅವರ ಬದಲು ನನ್ನೇ ನೋಡಿ, ಔಷಧಿ ಕೊಡಿ."

ಇಷ್ಟು ದಿನ ಆ ಕೋಣೆಯಲ್ಲಿ ಕಾಯುತ್ತಿದ್ದವರೆಲ್ಲ ನಡೆದು ಬರಬಲ್ಲವರೇ ಎಂಬುದು ನನಗೆ ಆಗ ಹೊಳೆಯಿತು. ಅರ್ಧ ಗಂಟೆಯಲ್ಲಿ ಅವರನ್ನು ನೋಡಿ ಮುಗಿಸಿ, ಯಂತ್ರವನ್ನು ಚೀಲಕ್ಕೆ ಹಾಕಿಕೊಂಡು ಶಬಾನಾಳ ಹಿಂದೆ ಹೊರಟೆ. ಯಾವ ಊರಿಗೆ ಹೋದರೂ ಈಗ ನನ್ನ ರಿಜಿಸ್ಟರಿನ ಮೊದಲ ಪುಟ ಕ್ಲಿನಿಕ್ಕಿಗೆ ಬರಲಾಗದವರದು. ಮನೆಮನೆ ಕೇಳಿ ಆ ಹೆಸರುಗಳನ್ನು ತುಂಬುವ ತನಕ ಯಂತ್ರ ತೆರೆಯುವುದಿಲ್ಲ. ಕನಕಪುರದಲ್ಲಾಗಲಿ ಚನ್ನಪಟ್ಟಣದಲ್ಲಾಗಲಿ, ಆ ಪುಟ ಖಾಲಿ ಉಳಿದರೆ ನನಗೆ ಸಮಾಧಾನವಾಗುವುದಿಲ್ಲ, ಯಾರ ಬಾಗಿಲಿಗೆ ಹೋಗದೆ ಬಿಟ್ಟೆನೋ ಎಂದು ದಿಗಿಲಾಗುತ್ತದೆ.