ಹುಳಿ ಬಂದ ಫ್ರೆಂಚ್ ವೈನ್

ಗೆಳೆಯರೇ, ಇವತ್ತು ನನ್ನ ಅದೃಷ್ಟ ನೋಡಿ. ಬುಧವಾರ ಮಗಳ ಮದುವೆ. ಮದುಮಕ್ಕಳಿಗೆ ಶುಭ ಕೋರಿ ಎಲ್ಲರೂ ಗ್ಲಾಸು ಎತ್ತುವ ಟೋಸ್ಟಿಗೆ ಫ್ರೆಂಚ್ ಕೆಂಪು ವೈನೇ ಆಗಬೇಕೆಂದು ಹಡಗಿನಲ್ಲಿ ದುಡಿದು ಬಂದ ಬೀಗರ ಹಟ. ಮಾಸ್ತರನ ಸಂಬಳಕ್ಕೆ ಅದು ಎಟುಕುವ ಮಾತೇ?

ಹಂಪನಕಟ್ಟೆಯ ವೈನ್ ಅಂಗಡಿಯವರು ಮೂಲೆಯ ಪೆಟ್ಟಿಗೆ ತೋರಿಸಿದರು. "ಫ್ರಾನ್ಸಿನದ್ದೇ ಮಾಸ್ಟ್ರೆ. ಆದ್ರೆ ಹುಳಿ ಬಂದಿದೆ ಅಂತ ತಗೊಂಡವರೆಲ್ಲ ಬೈದು ಹೋದ್ರು. ಹಂದಿ ಮಾಂಸಕ್ಕೆ ವಿನೆಗರ್ ಬದಲು ಹಾಕ್ಲಿಕ್ಕೆ ಬೇಕಾದ್ರೆ ಕಾಲು ಬೆಲೆಗೆ ಕೊಡ್ತೇನೆ."

ಒಂದು ಗುಟುಕು ಕುಡಿದೆ. ಹಿಂದೊಮ್ಮೆ ಫ್ರೆಂಚರ ವಸಾಹತಾಗಿದ್ದ ಮಾಹೆ ಊರಿನಲ್ಲಿ, ಅವರದೇ ಒಂದು ಮನೆಯಲ್ಲಿ ಕುಡಿದ ಅದೇ ರುಚಿ! ಒಣದ್ರಾಕ್ಷಿಗೆ ಸಕ್ಕರೆ ಸುರಿದು ಮನೆಯಲ್ಲೇ ವೈನ್ ಮಾಡುವ ನಮ್ಮವರಿಗೆ ಸಿಹಿಯಿಲ್ಲದ್ದೆಲ್ಲ ಕೆಟ್ಟದ್ದು. ನಾನು ಮುಖ ಸಿಂಡರಿಸಿ, "ಎಂತ ಮಾಡುವುದು, ಹಂದಿಗಾದ್ರೂ ಆಗ್ತದೆ, ಆರು ಬಾಟಲಿ ಕೊಡಿ" ಎಂದೆ.

ಮನೆಯಲ್ಲಿ ಹೆಂಡತಿ ರುಚಿ ನೋಡಿದವಳೇ ಸಕ್ಕರೆ ಡಬ್ಬಿ ಹಿಡಿದು ಬಂದಳು. "ಬೀಗರ ಎದುರು ಮಾನ ಹೋಗ್ತದೆ ಮಾರಾಯ್ರೆ, ಸ್ವಲ್ಪ ಹಾಕ್ತೇನೆ!" ಬಾಟಲಿಗಳೀಗ ಬೀರುವಿನಲ್ಲಿವೆ, ಬೀಗದ ಕೈ ನನ್ನ ಜೇಬಿನಲ್ಲಿದೆ.

ಅಂಗಡಿಯಲ್ಲಿ ಇನ್ನೂ ಅರ್ಧ ಪೆಟ್ಟಿಗೆ ಉಂಟು. ಬೇಕಾದವರು ಹೋಗಿ ತನ್ನಿ. ರುಚಿ ನೋಡುವಾಗ ಮುಖ ಸಿಂಡರಿಸಲು ಮಾತ್ರ ಮರೆಯಬೇಡಿ.