ಒಂದೇ ಬಕೆಟ್ಟಿನಲ್ಲಿ ಕಲಸಿದ ರೆಸಿನ್

ನಂಜನಗೂಡಿನಲ್ಲಿ ಫೈಬರ್ ನೀರಿನ ಟ್ಯಾಂಕ್ ಮಾಡುವ ಒಂದು ಶೆಡ್ಡಿನಲ್ಲಿ ಸಾಮಾನಿನ ಅಂದಾಜು ಹಾಕುವುದು ನನ್ನ ಕೆಲಸ. ಗಾಜಿನ ನಾರಿಗೆ ಬಳಿಯುವ ಅಂಟುದ್ರವ, ರೆಸಿನ್, ಕಲಸುವವರು ಬೇರೆ. ಕಳೆದ ಬೇಸಿಗೆಯಲ್ಲಿ, ಹೆಮ್ಮಿಗೆಯಲ್ಲಿರುವ ನನ್ನಣ್ಣನ ಹರಿಗೋಲಿನ ತಳ ಕಿತ್ತುಹೋಯಿತು. ಹೊಳೆಯಲ್ಲಿ ಬಲೆ ಬಿಟ್ಟರಷ್ಟೇ ಅವನ ಮನೆ ನಡೆಯುವುದು. ಫೈಬರಿನ ಸಣ್ಣ ದೋಣಿ ಮಾಡೋಣ ಎಂದೆ.

ಹಲಗೆಯ ಅಚ್ಚನ್ನು ಅವನೇ ಕಟ್ಟಿದ. ನಾನು ಟೇಪು ಹಿಡಿದು ಅಳೆದೆ: ಆರು ಚದರ ಮೀಟರ್. ಮೂರು ಪದರಕ್ಕೆ ಗಾಜಿನ ನಾರಿನ ಮ್ಯಾಟ್ ಎಂಟು ಕೆಜಿ. ಅದರ ಎರಡೂವರೆ ಪಟ್ಟು, ಇಪ್ಪತ್ತು ಕೆಜಿ ರೆಸಿನ್. ರೆಸಿನ್ ಗಟ್ಟಿಯಾಗಲು ಬೆರೆಸುವ ಹಾರ್ಡ್‌ನರ್ ಒಂದು ಸಣ್ಣ ಬಾಟಲಿ.

ಹೊಳೆದಂಡೆಯ ಹೊಂಗೆ ಮರದ ಕೆಳಗೆ ನಾನು ಕೊನೆಯ ಮ್ಯಾಟ್ ಪಟ್ಟಿ ಕತ್ತರಿಸಿ ಅಚ್ಚಿನ ಮೇಲೆ ಹಾಸುತ್ತಿದ್ದೆ. ಅಣ್ಣ ಪೇಂಟಿನ ದೊಡ್ಡ ಬಕೆಟ್ಟಿನಲ್ಲಿ ಕೋಲು ತಿರುಗಿಸುತ್ತಾ, "ಎಲ್ಲಾ ಕಲಸ್ಬುಟ್ಟೆ ಕಣ್ಲಾ" ಎಂದ.

"ಅಷ್ಟೂವಾ?"

"ಇನ್ನೇನ್ಲಾ? ಟಾರು ಎರಡ್ಸಲ ಕಾಯ್ಸುದ್ರೆ ಬೆಸೀತದಾ? ಸೇರ್ಸಿದ್ ಜಾಗ್ದಲ್ಲೇ ನೀರು ನುಗ್ತದೆ."

ಹರಿಗೋಲಿಗೆ ಟಾರು ಬಳಿಯುವವರ ರೂಢಿ ಅದು. ಇಡೀ ತಳಕ್ಕೆ ಆಗುವಷ್ಟನ್ನು ಒಂದೇ ಡಬ್ಬದಲ್ಲಿ ಕಾಯಿಸಿ, ಆರುವ ಮೊದಲೇ ಬಳಿದು ಮುಗಿಸುತ್ತಾರೆ.

"ಮುದ್ದೆನೂ ಅಷ್ಟೇ ಕಣಪ್ಪ, ಎಲ್ಲಾ ಒಂದೇ ಸಲ ಬಡಿಸ್ಬೇಕು ನಿಮ್ಮಣ್ಣಂಗೆ" ಎಂದು ಅತ್ತಿಗೆ ನಕ್ಕರು.

ನಗು ಮುಗಿಯುವಷ್ಟರಲ್ಲಿ ರೆಸಿನ್ ಗಂಜಿಯಂತೆ ದಪ್ಪಗಾಯಿತು. ಬೆಂಕಿ ಎಲ್ಲೂ ಇರಲಿಲ್ಲ. ಆದರೂ ಬಕೆಟ್ಟಿನಿಂದ ಬಿಳಿ ಹೊಗೆ ಎದ್ದಿತು; ಹಾರ್ಡ್‌ನರ್ ಬೆರೆತ ರೆಸಿನ್ ಒಂದೇ ಕಡೆ ರಾಶಿಯಾಗಿದ್ದರೆ ತನ್ನಷ್ಟಕ್ಕೇ ಕಾಯುತ್ತದೆ. ವಾಸನೆಗೆ ಕಣ್ಣು ಉರಿಯಿತು. ಗಟ್ಟಿಯಾಗುವ ಮೊದಲು ಸುರಿದುಬಿಡಬೇಕೆಂದು ಅಣ್ಣ ಬಕೆಟ್ಟಿನ ತಳಕ್ಕೆ ಕೈಕೊಟ್ಟು ಎತ್ತಿದ. ಪ್ಲಾಸ್ಟಿಕ್ ಮೆತ್ತಗಾಗಿ ಅವನ ಅಂಗೈ ಮೇಲೆ ಇಳಿಯಿತು.

"ಬುಟ್ಬುಡೀ!" ಅತ್ತಿಗೆ ಚೀರಿದರು.

ಬಿಟ್ಟ. ಮರಳಿನಲ್ಲಿ ಬಿದ್ದ ರೆಸಿನ್ ಗಟ್ಟಿಯಾಗುತ್ತಾ ಟಪ್ ಟಪ್ ಎಂದು ಒಳಗೊಳಗೇ ಬಿರುಕು ಬಿಟ್ಟಿತು. ಅತ್ತಿಗೆ ಅವನ ಕೈಗೆ ತಣ್ಣೀರು ಸುರಿಯುತ್ತಲೇ ಇದ್ದರು. ಅಂಗೈ ಚರ್ಮ ಬೆಳ್ಳಗಾಗಿತ್ತು.

ಆಸ್ಪತ್ರೆಯಿಂದ ಬಂದಾಗ ಸಂಜೆ. ಮರಳಿನಲ್ಲಿ ಜೇನಿನ ಬಣ್ಣದ ಬಂಡೆ. ಅಚ್ಚಿನ ಮೇಲೆ ಒಣಮ್ಯಾಟ್ ಹಾಗೇ ಇತ್ತು. ಅಣ್ಣ ಅದನ್ನೇ ನೋಡಿದ.

"ಇನ್ನೊಂದ್ಸಲ ಲೆಕ್ಕ ಆಕ್ಲಾ. ಇಪ್ಪತ್ ಕೆಜಿ ಅನ್ಬ್ಯಾಡ. ಒಂದೊಂದ್ ಪಟ್ಟಿಗೆ ಎಷ್ಟ್ ಚೊಂಬು ಅಂತ ಯೋಳು."

"ಕಲಸೋದು ನಾನು" ಎಂದರು ಅತ್ತಿಗೆ.

ಒಂದು ಪಟ್ಟಿಗೆ ಎಷ್ಟು ಚೊಂಬು ಎಂದು ಹಲಗೆಯ ಅಂಚಿನಲ್ಲಿ ಸೀಮೆಸುಣ್ಣದಿಂದ ಗುರುತು ಹಾಕತೊಡಗಿದೆ. ಮೊದಲ ಗೆರೆ ಸೊಟ್ಟಗಾಯಿತು. ಅಳಿಸಿ ಮತ್ತೆ ಎಳೆದೆ.